ಹೊಸ್ತಿಲ ಬಳಿಯ ಚೆಂಬು

ದೆವ್ವ, ಗಾಳಿ, ಶಕುನ ಎಂಬ ಮಾತುಗಳನ್ನು ನಾನು ನಂಬಿದವಳಲ್ಲ. ನಾನು ಓದಿದ್ದು ನಮ್ಮೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ. ಆದರೆ ಮದುವೆಯಾಗಿದ್ದು ಮೇಷ್ಟ್ರನ್ನು. ನಿಮ್ಮ ತಾತ ಅಮಾವಾಸ್ಯೆಯ ದಿನವೇ ಬೇಕೆಂದು ಮನೆಗೆ ಸುಣ್ಣ ಹೊಡೆಸಿದ ಮನುಷ್ಯ. ಅವರ ಜೊತೆ ಅಷ್ಟು ವರ್ಷ ಬಾಳಿದ ಮೇಲೆ ನನಗೂ ಆ ಧೈರ್ಯ ಬಂದಿತ್ತು. ಯಾರಾದರೂ ಇಂಥ ಕಥೆ ಹೇಳಿದರೆ, ಪಾಪ, ಹೆದರಿಕೊಂಡಿದ್ದಾರೆ ಎಂದುಕೊಂಡು ಸುಮ್ಮನೆ ಕೇಳುತ್ತಿದ್ದೆ.

ಅನು, ಧ್ರುವ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಿಮ್ಮಮ್ಮ ಓದಿ ಹೇಳಲಿ. ನಡುವೆ ಅವಳು ನಕ್ಕರೆ ನಗಲಿ. ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನರ ಎದುರು ಮಾತಾಡುವುದೆಂದರೆ ಚಿಕ್ಕಂದಿನಿಂದಲೂ ನನಗೆ ಸಂಕೋಚ. ಬರೆಯುವಾಗ ಆ ಕಷ್ಟವಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ.

ಮೊದಲು ಚೆಂಬಿನ ವಿಷಯ ಹೇಳಬೇಕು. ನಿಮ್ಮ ಅಡುಗೆಮನೆಯಲ್ಲಿ ಮೇಲಿನ ಸಾಲಿನಲ್ಲಿರುವ ಹಿತ್ತಾಳೆಯ ಚೆಂಬು ನನ್ನ ಅಜ್ಜಿಯದು. ನನ್ನ ಅಪ್ಪನ ತಾಯಿ, ಯಲ್ಲಮ್ಮ ಎಂದು ಹೆಸರು. ನಮ್ಮೂರು ಕೋಲಾರದ ಕಡೆಯ ಚಿನ್ನದ ಗಣಿಗೆ ಹತ್ತಿರ. ಅಜ್ಜಿಯ ಕಾಲದಲ್ಲಿ ಊರಿನ ಅರ್ಧ ಗಂಡಸರು ಗಣಿಗೆ ಇಳಿಯುವವರೇ. ಗಂಡಸು ಪಾಳಿಗೆ ಹೊರಟ ಕೂಡಲೇ ಮನೆಯ ಹೆಂಗಸು ಒಂದು ಚೆಂಬಿನ ತುಂಬ ನೀರು ತುಂಬಿ ಹೊಸ್ತಿಲ ಬಳಿ ಇಡುತ್ತಿದ್ದಳು. ಆ ನೀರು ಅವನಿಗೇ ಮೀಸಲು. ಮಗು ಬಾಯಾರಿ ಅತ್ತರೂ ಅದರಿಂದ ಕೊಡುವಂತಿಲ್ಲ. ಅವನು ಮೇಲೆ ಬಂದು, ಮನೆ ಸೇರಿ, ಆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮುಖ ತೊಳೆದು, ಉಳಿದದ್ದನ್ನು ಕುಡಿದು, ಖಾಲಿ ಚೆಂಬನ್ನು ಹೊಸ್ತಿಲ ಮೇಲೆ ಬೋರಲು ಹಾಕಬೇಕು. ಬೋರಲು ಬಿದ್ದ ಚೆಂಬು ಕಂಡರೆ ಆ ಮನೆಯ ಗಂಡಸು ಮೇಲೆ ಬಂದಿದ್ದಾನೆ ಎಂದು ಅರ್ಥ. ಯಾರೂ ಯಾರನ್ನೂ ಕೇಳಬೇಕಿರಲಿಲ್ಲ.

ಈ ಪದ್ಧತಿ ಸುಮ್ಮನೆ ಹುಟ್ಟಿದ್ದಲ್ಲ. ಭೂಮಿಯ ಒಳಗೆ ಬಂಡೆ ತನ್ನ ಭಾರ ತಾಳಲಾರದೆ ಸಿಡಿಯುವುದಿತ್ತು. ಏರ್‌ಬ್ಲಾಸ್ಟು ಎನ್ನುತ್ತಿದ್ದರು. ಹಾಗಾದಾಗ ಮೇಲಿನ ಮನೆಗಳಲ್ಲಿ ಪಾತ್ರೆಗಳು ಗಲಗಲ ಎಂದು ಅಲುಗುತ್ತಿದ್ದವಂತೆ. ಹೆಂಗಸರು ಬೀದಿಗೆ ಓಡಿಬಂದು ಮೊದಲು ನೋಡುತ್ತಿದ್ದುದು ಅಕ್ಕಪಕ್ಕದವರ ಮುಖಗಳನ್ನಲ್ಲ, ಹೊಸ್ತಿಲುಗಳನ್ನು. ಯಾರ ಮನೆಯ ಚೆಂಬು ಇನ್ನೂ ನೆಟ್ಟಗೆ ನಿಂತಿದೆಯೋ ಆ ಹೆಂಗಸನ್ನು ಉಳಿದವರು ಹಿಡಿದುಕೊಳ್ಳುತ್ತಿದ್ದರಂತೆ.

ನನ್ನ ತಾತ ಮುನಿಯಪ್ಪ ಅಂಥ ಒಂದು ದಿನ ಬದುಕಿ ಬಂದರು. ಪಕ್ಕದಲ್ಲಿದ್ದ ಜೊತೆಗಾರ ಬರಲಿಲ್ಲ. ಆ ಮೇಲೆ ತಾತ ಕೆಳಗಿಳಿಯಲು ಹೆದರತೊಡಗಿದರು. ಅದೇ ಸಮಯಕ್ಕೆ ಮಲಯ ದೇಶದಲ್ಲಿ ತವರದ ಗಣಿ ಇದೆ, ಅಲ್ಲಿ ಪಾತಾಳಕ್ಕೆ ಇಳಿಯಬೇಕಿಲ್ಲ, ಆಕಾಶ ಕಾಣುವ ಹಾಗೆ ಬಯಲಲ್ಲೇ ತೋಡುತ್ತಾರೆ ಎಂದು ಯಾರೋ ಹೇಳಿದರು. ನನ್ನ ಅಪ್ಪ ಇನ್ನೂ ಹಾಲು ಕುಡಿಯುವ ಕೂಸು. ಹೊರಡುವಾಗ ತಾತ, "ಇದು ಬಯಲ ಗಣಿ ಕಣಮ್ಮಿ. ನೀನು ಚೆಂಬು ಇಕ್ಕಬ್ಯಾಡ" ಎಂದರಂತೆ. ಅಜ್ಜಿ ಇಟ್ಟೇ ಇಟ್ಟಳು. ಮದರಾಸಿನಲ್ಲಿ ಹಡಗು ಹತ್ತಿದವರು ಮತ್ತೆ ಬರಲಿಲ್ಲ. ಕೊರೋನಾದ ಹಾಗೆ ಆಗಲೂ ಒಂದು ದೊಡ್ಡ ಜ್ವರ ಲೋಕವನ್ನೆಲ್ಲ ಸುತ್ತುತ್ತಿದ್ದ ಕಾಲ. ಹಿಂದಿರುಗಿದ ಒಬ್ಬ, ಮುನಿಯಪ್ಪನನ್ನು ಜ್ವರ ತೆಗೆದುಕೊಂಡು ಹೋಯಿತು ಎಂದ. ಇನ್ನೊಬ್ಬ, ಇಲ್ಲ, ಗುಂಡಿಯಲ್ಲಿ ದಿಬ್ಬ ಕುಸಿಯಿತು, ಹೆಣ ಸಿಗಲಿಲ್ಲ ಎಂದ. ಅಜ್ಜಿ ಎರಡನ್ನೂ ಒಪ್ಪಲಿಲ್ಲ. ಸಾಯುವ ತನಕ ದಿನಾ ಬೆಳಿಗ್ಗೆ ಹಳೆಯ ನೀರನ್ನು ನುಗ್ಗೆಗಿಡಕ್ಕೆ ಸುರಿದು ಹೊಸ ನೀರು ತುಂಬಿದಳು.

ಆ ಚೆಂಬನ್ನು ನಮ್ಮ ಮನೆಯಲ್ಲಿ ಬೋರಲು ಹಾಕುವಂತಿರಲಿಲ್ಲ. ತೊಳೆದ ಪಾತ್ರೆಗಳೆಲ್ಲ ಬೋರಲು, ಅದೊಂದು ಮಾತ್ರ ಬಟ್ಟೆಯಲ್ಲಿ ಒರೆಸಿ ನೆಟ್ಟಗೆ. ನನ್ನ ತಮ್ಮ ಸ್ಲೇಟು ಒರೆಸಲು ಅದರ ನೀರಿನಲ್ಲಿ ಬಟ್ಟೆ ಅದ್ದಿದ ಎಂದು ಅಜ್ಜಿ ಅವನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದಳು. ಕಲಾಯಿಯವನು ಬಂದು ಒಳಗೆ ತವರ ಹಚ್ಚಿದಾಗ ಅಜ್ಜಿ ಚೆಂಬನ್ನು ಮುಖದ ಹತ್ತಿರ ಹಿಡಿದು ಆ ಬೆಳ್ಳಗಿನ ಹೊಳಪನ್ನು ನೋಡುತ್ತ ಕೂರುತ್ತಿದ್ದಳು. ಯಾಕೆ ಎಂದು ಆಗ ನನಗೆ ತಿಳಿದಿರಲಿಲ್ಲ. ಅಜ್ಜಿ ಹೋದ ಮೇಲೆ ಹೊಸ್ತಿಲಿನ ನೀರು ನಿಂತಿತು, ನೆಟ್ಟಗೆ ಇಡುವ ಅಭ್ಯಾಸ ಉಳಿಯಿತು. ಮದುವೆಯಲ್ಲಿ ಚೆಂಬು ನನ್ನ ಜೊತೆ ಬಂತು. ನಿಮ್ಮ ತಾತ ಅದನ್ನು ನೋಡಿದಾಗೆಲ್ಲ, "ಎಲ್ಲರೂ ಮಲಗ್ತಾರೆ, ಇದೊಂದು ನಿಂತೇ ಇರತ್ತೆ. ಇದಕ್ಕೊಂದು ಪಿಂಚಣಿ ಕೊಡಿಸಬೇಕು ಕಣೆ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಅವರು ತೀರಿಕೊಂಡ ಮರುವರ್ಷ ನಿಮ್ಮಮ್ಮ ಸುಧಾ ಎರಡನೆಯ ಬಸುರಿ. ಬಾಣಂತನಕ್ಕೆಂದು ನಾನು ಓಮ, ಒಣಶುಂಠಿ, ಎಣ್ಣೆ, ಈ ಚೆಂಬು ಎಲ್ಲ ಕಟ್ಟಿಕೊಂಡು ನಿಮ್ಮ ಮನೆಗೆ, ನನ್ನ ತಾತ ಹೋಗಿದ್ದ ಅದೇ ಮಲಯ ದೇಶದ ಇಪೋಗೆ ಬಂದೆ. ವಿಮಾನದಲ್ಲಿ ಚೆಂಬನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತಿದ್ದ ನನ್ನನ್ನು ನೋಡಿ ಪಕ್ಕದ ಹುಡುಗಿ, ಒಳಗೆ ಏನಾದರೂ ತುಳುಕುತ್ತದೆಯೇ ಎಂದು ಕೇಳಿದಳು. ಬಂದ ಕೆಲವೇ ವಾರಗಳಲ್ಲಿ ಕೊರೋನಾ ಎಂದು ದೇಶವೇ ಬಾಗಿಲು ಹಾಕಿತು. ಮನೆಗೊಬ್ಬರು ಮಾತ್ರ ಅಂಗಡಿಗೆ ಹೋಗಬಹುದು, ದಾರಿಯಲ್ಲಿ ಪೊಲೀಸರು ತಡೆದು ಕೇಳುತ್ತಿದ್ದರು. ನಮ್ಮ ಗೇಟಿಗೆ ಹಗಲೂ ಬೀಗ. ಬೀಗದ ಕೈಗಳು ಎರಡೇ. ಒಂದು ನಿಮ್ಮಪ್ಪನ ಹತ್ತಿರ, ಇನ್ನೊಂದು ಸುಧಾಳ ದಿಂಬಿನ ಕೆಳಗೆ. ಅನು, ನಿನಗಾಗ ಏಳು ವರ್ಷ. ಬಾಗಿಲು ತೆರೆದರೆ ಸಾಕು, ಓಡುತ್ತಿದ್ದೆ.

ನಿಮ್ಮಪ್ಪ ಪ್ರಕಾಶ ಹೊಸಪೇಟೆಯ ಕಡೆಯವರು, ಗಣಿಯ ಎಂಜಿನಿಯರು. ಆಗ ಇಪೋ ಊರಿನ ಹೊರಗೆ ಒಂದು ಸಣ್ಣ ತವರದ ಗಣಿಯಲ್ಲಿ ಕೆಲಸ. ಬಯಲಲ್ಲೇ ದೊಡ್ಡ ಗುಂಡಿ ತೋಡಿ, ಸುತ್ತಲಿನ ಮಣ್ಣಿನ ದಿಬ್ಬವನ್ನು ಯಂತ್ರದಿಂದ ಕೆಡವಿ, ನೀರು ಹಾಯಿಸಿ ಕೆಸರು ಮಾಡಿ, ಆ ಕೆಸರನ್ನು ಪಂಪಿನಿಂದ ಮೇಲಕ್ಕೆ ಎಳೆದು ತವರ ಬೇರೆ ಮಾಡುವ ಗಣಿ. ಮಗಳನ್ನು ಗಣಿಯವರಿಗೆ ಕೊಡುವಾಗಲೇ ನನಗೆ ಒಳಗೊಳಗೆ ಹೆದರಿಕೆ ಇತ್ತು. ಬಾಯಿಬಿಟ್ಟಿರಲಿಲ್ಲ.

ಗಣಿ ಮುಚ್ಚಿದ್ದ ಆ ವಾರಗಳಲ್ಲಿ ಅವರು ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಆ ಕಡೆಯ ಹಳೆಯ ಗಣಿಗಳ ವರದಿಗಳನ್ನು ಓದುತ್ತಿದ್ದರು. ನೂರು ವರ್ಷದ ಹಿಂದಿನವು, ಬ್ರಿಟಿಷರ ಕಾಲದವು. ಒಂದು ದಿನ ಊಟಕ್ಕೆ ಕೂತಾಗ ಸುಧಾ ನನ್ನ ತಾತನ ವಿಷಯ ತೆಗೆದಳು. ನಾನು ಧೈರ್ಯ ಮಾಡಿ, ಅದರಲ್ಲಿ ಮುನಿಯಪ್ಪ ಎಂಬ ಹೆಸರು ಇದೆಯೇ ನೋಡುತ್ತೀರಾ ಎಂದು ಕೇಳಿದೆ. ಅವರು ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದರು.

"ಅತ್ತಿ, ಇದರಾಗ ವರ್ಷಕ್ಕ ಎಷ್ಟು ತವರ ತಗದ್ರು ಅಂತ ಐತಿ. ಎಷ್ಟು ಮಂದಿ ದುಡಿದ್ರು ಅಂತ ಐತಿ. ಎಷ್ಟು ಮಂದಿ ಸತ್ರು ಅಂತನೂ ಒಂದು ಸಾಲು ಐತಿ. ಮಣ್ಣು ಬಿದ್ದು ಇಷ್ಟು, ನೀರಾಗ ಇಷ್ಟು ಅಂತ. ಹೆಸರು ಇಲ್ರಿ."

"ತವರದ ತೂಕ ಮಾತ್ರ ಸರಿಯಾಗಿ ಇಟ್ಟಿದ್ದಾರಾ?" ಎಂದೆ.

"ಅದು ಭಾರಿ ಸರಿ ಇಟ್ಟಾರ್ರಿ" ಎಂದು ತಲೆ ತಗ್ಗಿಸಿಕೊಂಡು ಊಟ ಮಾಡಿದರು. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೋ ಏನೋ, "ನಿಮ್ಮ ಆ ತಂಬಗಿ ಐತೆಲ್ರಿ, ಅದರ ಒಳಗಿನ ಕಲಾಯಿ ತವರನೂ ಇಲ್ಲಿಂದನ ಹೋಗಿರಬಹುದು" ಎಂದರು. ಅವರ ಕಡೆ ಚೆಂಬಿಗೆ ತಂಬಗಿ ಎನ್ನುತ್ತಾರೆ. ಅಜ್ಜಿ ಆ ಹೊಳಪನ್ನು ಯಾಕೆ ನೋಡುತ್ತಿದ್ದಳು ಎಂಬುದು ನನಗೆ ಆ ಹೊತ್ತಿಗೆ ಹೊಳೆಯಿತು. ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಸ್ವಲ್ಪ ದಿನಕ್ಕೆ ಗಣಿ ಮತ್ತೆ ತೆರೆಯಿತು. ಸುಧಾಳಿಗೆ ದಿನ ತುಂಬುತ್ತ ಬಂದಿತ್ತು. ರಕ್ತದೊತ್ತಡ ಏರುತ್ತಿದೆ, ಗಾಬರಿಪಡಿಸಬೇಡಿ, ಮಲಗಿಸಿಯೇ ಇಡಿ ಎಂದು ಡಾಕ್ಟರು ಹೇಳಿದ್ದರು. ಹೊರಗೆ ರೋಗ. ಮಧ್ಯಾಹ್ನವಾದರೆ ಗುಡುಗು ಮಳೆ, ನೆನೆದ ದಿಬ್ಬದ ಕೆಳಗೆ ಅಳಿಯ. ಅವರು ಮೊದಲ ದಿನ ಕೆಲಸಕ್ಕೆ ಹೊರಟ ಮೇಲೆ ನಾನು ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಚೆಂಬಿಗೆ ನೀರು ತುಂಬಿ ಹೊಸ್ತಿಲ ಒಳಗಡೆ, ಬಾಗಿಲ ಮರೆಯಲ್ಲಿ ಇಟ್ಟಿದ್ದೆ. ನಿಮ್ಮ ತಾತ ಇದ್ದಿದ್ದರೆ ಏನು ಹೇಳುತ್ತಿದ್ದರೋ. ದಿನಾ ಹಾಗೇ ನಡೆಯಿತು. ಅನು ಒಮ್ಮೆ ಕಾಲಿನಿಂದ ಎಡವಿ, "ಅಜ್ಜಿ, ವೈ ಯು ಪುಟ್ ವಾಟರ್ ಹಿಯರ್? ಐ ವಿಲ್ ಫಾಲ್ ಲಾ!" ಎಂದಳು. ಅಪ್ಪ ಬಂದ ಮೇಲೆ ಕೈಕಾಲಿಗೆ ಎಂದಷ್ಟೇ ಹೇಳಿದೆ. ಅವರು ಬಂದು ಆ ನೀರಿನಲ್ಲಿ ಕೈಕಾಲು ತೊಳೆಯುತ್ತಿದ್ದರು, ನಾನು ಚೆಂಬು ಒರೆಸಿ ಒಳಗೆ ನೆಟ್ಟಗೆ ಇಡುತ್ತಿದ್ದೆ. ಬೋರಲು ಹಾಕುವ ಮಾತನ್ನು ಆ ಮನೆಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಸುಧಾಳಿಗೂ ಹೇಳಿರಲಿಲ್ಲ. ಇದನ್ನು ನೆನಪಿಡಿ.

ಆ ದಿನ ರಂಜಾನ್ ಉಪವಾಸದ ತಿಂಗಳಲ್ಲಿ ಒಂದು ದಿನ. ಹಿಂದಿನ ಸಂಜೆ ಮಳೆ ಚೆನ್ನಾಗಿ ಹೊಯ್ದಿತ್ತು. ಪ್ರಕಾಶ ಬೆಳಿಗ್ಗೆ ಹೊರಟರು, ನಾನು ಚೆಂಬಿಟ್ಟೆ. ಮಧ್ಯಾಹ್ನದ ಊಟವಾಗಿ ಸುಧಾ ಮಲಗಿದ್ದಳು. ಅನು ಅವಳ ಪಕ್ಕದಲ್ಲಿ ಏನೋ ಬಣ್ಣ ಹಚ್ಚುತ್ತಿದ್ದಳು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಗಾಳಿ ಬರಲಿ ಎಂದು ಮುಂಬಾಗಿಲು ತೆರೆದಿದ್ದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಪಕ್ಕದ ಮನೆಯ ಕಮಲಾ ತಮ್ಮ ಅಂಗಳದ ನೆರಳಿನಲ್ಲಿ ಕೂತು, ಬಿಸಿಲಿಗೆ ಹಾಕಿದ್ದ ವಡಾಂ ಸಂಡಿಗೆ ಮಗುಚುತ್ತಿದ್ದರು. ತಲೆಮಾರುಗಳಿಂದ ಇಪೋದಲ್ಲೇ ಇರುವ ತಮಿಳರು ಅವರು. ಕೋಲಾರದ ಕಡೆಯವಳಾದ್ದರಿಂದ ನನಗೆ ತಮಿಳು ಬರುತ್ತದೆ, ಗೋಡೆಯ ಮೇಲಿಂದ ನಮ್ಮ ಮಾತುಕತೆ ನಡೆಯುತ್ತಿತ್ತು.

ಗೇಟಿನ ಆಚೆ ಒಬ್ಬ ನಿಂತಿದ್ದ. ಬಂದದ್ದನ್ನು ನಾನು ನೋಡಲಿಲ್ಲ. ಮೂವತ್ತು ದಾಟಿರದ ವಯಸ್ಸು. ಮೈಗೆಲ್ಲ ಮೆತ್ತಿದ ಬಿಳಿಯ ಕೆಸರು ಒಣಗಿತ್ತು. ಚರಂಡಿ ಕೆಲಸದವನಿರಬೇಕು ಎಂದುಕೊಂಡೆ. ನನ್ನ ಕಣ್ಣು ಹೋದದ್ದು ಅವನ ಬಾಯಿಯ ಕಡೆಗೆ. ಮಾಸ್ಕ್ ಇರಲಿಲ್ಲ. ಆ ದಿನಗಳಲ್ಲಿ ಮಾಸ್ಕಿಲ್ಲದ ಮುಖ ಎಂದರೆ ಎಷ್ಟು ಹೆದರಿಕೆ ಎಂದು ಅನುವಿಗೆ ನೆನಪಿರಬಹುದು.

"ವಸಿ ನೀರು ಕೊಡು ತಾಯಿ. ಕೆಳಗೆ ಬೋ ಸೆಕೆ" ಎಂದ.

"ಅಲ್ಲೇ ನಿಲ್ಲಪ್ಪ, ಹತ್ರ ಬರಬೇಡ. ಮನೇಲಿ ಬಸುರಿ ಹೆಂಗಸಿದ್ದಾಳೆ" ಎಂದೆ. ಅವನು ತಟ್ಟನೆ ಹಿಂದೆ ಸರಿದು, ತಪ್ಪಾಯಿತು ಎನ್ನುವ ಹಾಗೆ ತಲೆ ತಗ್ಗಿಸಿ ನಿಂತ. ನನಗೆ ಒಂದೇ ಯೋಚನೆ. ಅನು ಹೊರಗೆ ಓಡಿ ಬರುವ ಮೊದಲು ಇವನು ಹೋಗಬೇಕು. ಕಾಲ ಬಳಿಯೇ ನೀರಿತ್ತು. ಚೆಂಬೆತ್ತಿಕೊಂಡು ಹೋಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಗೇಟಿನ ಪಕ್ಕದ ಕಂಬದ ಮೇಲಿಟ್ಟು, "ಕುಡಿದು ಅಲ್ಲೇ ಇಡಪ್ಪ" ಎಂದು ಬಂದುಬಿಟ್ಟೆ. ಬಾಗಿಲು ಹಾಕಿ ಚಿಲಕ ಸೇರಿಸಿದೆ. ಬಚ್ಚಲಿಗೆ ಹೋಗಿ ಕೈಗೆ ಸೋಪು ಹಚ್ಚಿದೆ.

ನೊರೆ ಇನ್ನೂ ಕೈಯಲ್ಲಿತ್ತು, ಆಗ ಹೊಳೆಯಿತು. ನಾನು ಕೊಟ್ಟದ್ದು ಯಾರ ನೀರು?

ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಅವನು ಮಾತಾಡಿದ್ದು ಯಾವ ಭಾಷೆ? ಇಪೋದಲ್ಲಿ ನಾನು ಸುಧಾಳ ಮನೆಯ ಹೊರಗೆ ಅಲ್ಲಿಯವರೆಗೆ ಒಬ್ಬರ ಬಾಯಲ್ಲೂ ಕನ್ನಡ ಕೇಳಿರಲಿಲ್ಲ. ಅದೂ ಬೆಂಗಳೂರಿನ ಕನ್ನಡವಲ್ಲ. ವಸಿ, ಬೋ ಎನ್ನುವುದು ನಮ್ಮ ಸೀಮೆಯ ಮಾತು, ನನ್ನ ಅಪ್ಪನ ಮಾತು. ಅದು ನನ್ನ ಕಿವಿಗೆ ಎಷ್ಟು ಒಗ್ಗಿದ್ದೆಂದರೆ ಕೇಳಿದಾಗ ಬೇರೆ ಅನ್ನಿಸಲೇ ಇಲ್ಲ.

ಒದ್ದೆ ಕೈಯಲ್ಲೇ ಓಡಿ ಬಂದು ಕಿಟಕಿಯಿಂದ ನೋಡಿದೆ. ಬೀದಿ ಖಾಲಿ. ಕಂಬದ ಮೇಲೆ ಚೆಂಬೂ ಇರಲಿಲ್ಲ. ಕಿಟಕಿಯಿಂದಲೇ ಕಮಲಾರನ್ನು ಕೂಗಿ, ಆ ಮನುಷ್ಯ ಯಾವ ಕಡೆ ಹೋದ ಎಂದು ಕೇಳಿದೆ.

"ಯಾವ ಮನುಷ್ಯ? ಯಾರೂ ವರಲೆಯೇ ಅಕ್ಕಾ, ಯಾರೂ ಬರಲೇ ಇಲ್ಲ" ಎಂದರು ಕಮಲಾ. "ನೀವೇ ಚೆಂಬು ತಂದು ಕಂಬದ ಮೇಲೆ ಇಟ್ಟು, ಏನೋ ಒಬ್ಬರೇ ಮಾತಾಡಿಕೊಂಡು ಹೋದಿರಿ. ಕಾಗೆಗೆ ನೀರಿಟ್ಟಿರಿ ಅಂದುಕೊಂಡೆ."

"ಚೆಂಬು ಎಲ್ಲಿ ಹೋಯಿತು?"

"ನಾನು ವಡಾಂ ನೋಡಲೋ, ನಿಮ್ಮ ಚೆಂಬು ಕಾಯಲೋ?" ಎಂದು ನಕ್ಕರು. ನಾನು ನಗಲಿಲ್ಲ. ಅವರು ಎದ್ದು ಬಂದು ಗೋಡೆಯ ಮೇಲಿಂದ ನನ್ನ ಮುಖ ನೋಡಿ, ಬಿಸಿಲಿಗೆ ಹೋಗಬೇಡಿ, ಮಜ್ಜಿಗೆ ಕುಡಿಯಿರಿ ಎಂದರು.

ಪ್ರಕಾಶರಿಗೆ ಫೋನು ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಗುಂಡಿಯೊಳಗೆ ಸಿಗ್ನಲ್ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ದಿನವೂ ಇಲ್ಲದ್ದು ಇವತ್ತೂ ಇಲ್ಲ, ಅಷ್ಟೇ ಎಂದು ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಅವರ ಪಾಲಿನ ನೀರನ್ನು ನನ್ನ ಕೈಯಾರೆ ಎತ್ತಿ ಬೇರೆಯವರಿಗೆ ಕೊಟ್ಟಿದ್ದೆ. ಬದುಕಿರುವವನ ನೀರನ್ನು. ನಾನು ನಂಬದ ಪದ್ಧತಿ, ನಾನೇ ಗುಟ್ಟಾಗಿ ಶುರುಮಾಡಿದ್ದು, ಈಗ ನನ್ನ ಕುತ್ತಿಗೆಗೆ ಬಿದ್ದಿತ್ತು. ಬೇರೆ ಪಾತ್ರೆಯಲ್ಲಿ ನೀರು ತುಂಬಿ ಇಡಲೇ ಎಂದು ಒಂದು ಲೋಟ ತುಂಬಿದೆ. ನಾಚಿಕೆಯಾಗಿ ಅದನ್ನು ಚೆಲ್ಲಿದೆ. ಮತ್ತೆ ತುಂಬಿದೆ. ಆದರೆ ಬಾಗಿಲು ತೆರೆಯಲು ಧೈರ್ಯ ಬರಲಿಲ್ಲ. ಲೋಟ ಕೈಯಲ್ಲಿ ಹಿಡಿದುಕೊಂಡು ಚಿಲಕದ ಎದುರು ನಿಂತೇ ಇದ್ದೆ.

ಸುಧಾ ಎದ್ದು ಬಂದು, "ಏನಮ್ಮ, ಮುಖ ಹೀಗಿದೆ?" ಎಂದಳು.

"ಏನಿಲ್ಲ. ಪ್ರಕಾಶರಿಗೆ ಫೋನ್ ಸಿಕ್ತಿಲ್ಲ."

"ಅಲ್ಲಿ ನೆಟ್‌ವರ್ಕ್ ಇರಲ್ಲ ಅಂತ ನಿಂಗೆ ಗೊತ್ತಲ್ವಾ? ಸುಮ್ನೆ ಟೆನ್ಶನ್ ಮಾಡ್ಕೊಂಡು ನಂಗೂ ಟೆನ್ಶನ್ ಕೊಡ್ಬೇಡ. ಬಿಪಿ ನಂದು, ಮುಖ ನಿಂದು ಕೆಂಪಾಗಿದೆ ನೋಡು."

ನೀನು, ಅನು, ನನ್ನ ಸೆರಗು ಎಳೆದು, "ಅಜ್ಜಿ, ಡಿಡ್ ಯು ಸೀ ಕೊರೋನಾ?" ಎಂದು ಪಿಸುಗುಟ್ಟಿದೆ. ನಿನಗೆ ಕೊರೋನಾ ಎಂದರೆ ಬೀದಿಯಲ್ಲಿ ಓಡಾಡುವ ಒಬ್ಬ ಮನುಷ್ಯ ಎಂದಿತ್ತು. ನಾನು ನಿನ್ನನ್ನು ಹತ್ತಿರ ಎಳೆದುಕೊಂಡು ಕೂತೆ. ಅಜ್ಜಿಯ ಬೀದಿಯ ಹೆಂಗಸರು ನೆನಪಾದರು. ಅವರಾದರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ನಾನು ಮಗಳ ಎದುರು ನಗುಮುಖ ಹಾಕಿಕೊಂಡು ಕೂರಬೇಕಿತ್ತು. ದಿನಾ ಅವರು ಮನೆಗೆ ಬರುವ ಹೊತ್ತು ಬಂತು, ಹೋಯಿತು. ಈಗ ಸುಧಾಳೇ ಫೋನು ಮಾಡತೊಡಗಿದಳು. ಅವಳ ತುಟಿ ಒಣಗುತ್ತಿರುವುದು ನನಗೆ ಕಾಣುತ್ತಿತ್ತು. ನಾವಿಬ್ಬರೂ ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ಹುರುಳಿಕಾಯಿ ನಾರು ತೆಗೆದೆವು. ಅಷ್ಟು ಹುರುಳಿಕಾಯಿ ಆ ಮನೆಗೆ ಎರಡು ದಿನಕ್ಕೆ ಸಾಕಿತ್ತು.

ಬೆಳಕು ಇಳಿಯುತ್ತಿರುವಾಗ, ಉಪವಾಸ ಬಿಡುವ ಹೊತ್ತಿನ ಬಾಂಗು ಮಸೀದಿಯಿಂದ ಕೇಳಿತು. ಅದರ ಜೊತೆಯೇ ಕಾರು ನಿಂತ ಸದ್ದು, ಗೇಟಿನ ಬೀಗ ತೆರೆದ ಸದ್ದು. ಸುಧಾ ಏಳಲಾರದೆ ಎದ್ದಳು. ಬೂಟಿನ ಸದ್ದು ಬಾಗಿಲ ತನಕ ಬಂದು ನಿಂತಿತು. ಕರೆಗಂಟೆ ಬಾರಿಸಲಿಲ್ಲ. ನಾನು ಚಿಲಕ ತೆಗೆದೆ.

ಪ್ರಕಾಶ ತಲೆಯಿಂದ ಕಾಲಿನವರೆಗೆ ಕೆಸರು. ನನ್ನನ್ನೂ ಸುಧಾಳನ್ನೂ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದರು.

"ಅತ್ತಿ, ತಂಬಗಿ ಯಾಕ ಬೋರಲ ಹಾಕೀರಿ?"

ಹೊಸ್ತಿಲ ಮೇಲೆ, ಸರಿಯಾಗಿ ನಡುವೆ, ಅಜ್ಜಿಯ ಚೆಂಬು ಬೋರಲು ಕೂತಿತ್ತು. ಅದರ ಬಾಯಿಯ ಸುತ್ತ ಒಂದಿಷ್ಟು ಒದ್ದೆ ಇನ್ನೂ ಆರಿರಲಿಲ್ಲ.

ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಉತ್ತರ ಕೊಡುವ ಮೊದಲು ಅವರೇ ಹೇಳತೊಡಗಿದರು. ಮಧ್ಯಾಹ್ನ ದಿಬ್ಬ ಕುಸಿಯಿತಂತೆ. ಯಂತ್ರ ಓಡಿಸುವ ಅಜ್ಮಾನ್ ನಮಾಜಿಗೆಂದು ಮೇಲೆ ಹೋಗಿದ್ದ. ಪ್ರಕಾಶ ಒಬ್ಬರೇ ಯಂತ್ರದ ಪಕ್ಕ ನಿಂತು ದಿಬ್ಬದ ಬಿರುಕು ನೋಡುತ್ತಿದ್ದರು. ಅಷ್ಟರಲ್ಲಿ ತಡೆಯಲಾರದ ಬಾಯಾರಿಕೆ. ಬಾಟಲಿ ಕೈಯಲ್ಲೇ ಇತ್ತು. ಆದರೆ ಕೆಳಗೆ ಪಂಪಿನ ಬಳಿ ಇದ್ದವರೆಲ್ಲ ಉಪವಾಸದವರು. ಆ ತಿಂಗಳಲ್ಲಿ ಅವರ ಎದುರಿಗೆ ನೀರು ಕುಡಿಯುವುದು ಇವರಿಗೆ ಸರಿಬರುತ್ತಿರಲಿಲ್ಲ. ಕುಡಿಯಬೇಕೆನಿಸಿದರೆ ಮೇಲೆ ಹತ್ತಿ ಕಾರಿನ ಮರೆಗೆ ಹೋಗಿ ಕುಡಿಯುವುದು ಅವರ ರೂಢಿ. ಹಾಗೆ ಹತ್ತಿ ಹೋಗಿ, ಬಾಟಲಿ ಬಾಯಿಗಿಟ್ಟಾಗ ಹಿಂದೆ ಸದ್ದಾಯಿತು. ತಿರುಗಿದರೆ ಯಂತ್ರದ ಕೈ ಮಾತ್ರ ಮಣ್ಣಿನಿಂದ ಹೊರಗಿತ್ತು. ಪಂಪಿನ ಬಳಿಯಿದ್ದ ಒಬ್ಬನ ಕಾಲು ಮುರಿಯಿತು. ಅವನನ್ನು ಕೈಯಿಂದ ತೋಡಿ ತೆಗೆದು ಆಸ್ಪತ್ರೆಗೆ ಸೇರಿಸಿ ಬರುವಷ್ಟರಲ್ಲಿ ಇಷ್ಟು ಹೊತ್ತಾಗಿತ್ತು. ಫೋನು ಕೆಸರಿನಲ್ಲಿ ಬಿದ್ದುಹೋಗಿತ್ತು.

ಸುಧಾ ಅಳುತ್ತ ಅವರ ಕೆಸರಿನ ಅಂಗಿಯನ್ನೇ ಹಿಡಿದುಕೊಂಡಳು. ನಾನೂ ಅತ್ತೆ. ಕಾಲು ಮುರಿದವನಿಗೂ ಮನೆ ಇದೆ, ಹೆಂಡತಿ ಇದ್ದಾಳೆ ಎಂಬುದು ನನಗೆ ಮರುದಿನದವರೆಗೆ ಹೊಳೆಯಲಿಲ್ಲ.

ರಾತ್ರಿ ಊಟದ ಹೊತ್ತಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೋರಲು ಹಾಕುವುದರ ಅರ್ಥವನ್ನು ಅವರಿಗೆ ಹೇಳಿದ್ದು ಆಗಲೇ. ಸುಧಾ, "ಅಮ್ಮ, ನೀನೇ ತಂದು ಇಟ್ಟು ಮರೆತಿದ್ದೀಯ. ಬಿಸಿಲು, ಟೆನ್ಶನ್, ವಯಸ್ಸು" ಎಂದಳು. ಇರಬಹುದು. ಕಮಲಾರೇ ಕಂಡಿರುವಂತೆ ಚೆಂಬನ್ನು ಕಂಬದ ಮೇಲಿಟ್ಟವಳು ನಾನು. ತಿರುಗಿ ತಂದದ್ದು ನೆನಪಿಲ್ಲದಿರಬಹುದು. ಆದರೆ ನಾನು ತಂದಿದ್ದರೆ ಆ ಚೆಂಬನ್ನು ಬೋರಲು ಹಾಕುತ್ತಿರಲಿಲ್ಲ. ಜೀವಮಾನದಲ್ಲಿ ಹಾಕಿದವಳಲ್ಲ. ನಿದ್ದೆಯಲ್ಲಿ ಕೊಟ್ಟರೂ ನನ್ನ ಕೈ ಅದನ್ನು ನೆಟ್ಟಗೇ ಇಡುತ್ತದೆ. ಯಾರೋ ದಾರಿಹೋಕ ಕುಡಿದು ಇಟ್ಟನೆಂದರೆ ಗೇಟಿಗೆ ಬೀಗವಿತ್ತು. ಗೇಟು ಹತ್ತಿ ಇಳಿದು ಬಂದು ಚೆಂಬು ಇಟ್ಟು ಹೋಗುವವನು ಯಾವ ಕಳ್ಳ? ನಮ್ಮ ಕಡೆಯ ಕನ್ನಡ ಆಡುವ ಒಬ್ಬ ಕೂಲಿಯವನು ಇಪೋದಲ್ಲಿ ಇದ್ದಿರಬಾರದೇ? ಇರಬಹುದು. ಕಮಲಾರ ಮಗ ಊರೆಲ್ಲ ವಿಚಾರಿಸಿದ, ಅಂಥವನು ಸಿಗಲಿಲ್ಲ. ಎಲ್ಲಕ್ಕೂ ಒಂದೊಂದು ಉತ್ತರ ಹೊಂದಿಸಿ ನೋಡಿದ್ದೇನೆ. ಒಂದು ಹೊಂದಿದರೆ ಇನ್ನೊಂದು ಜಾರುತ್ತದೆ. ಆ ರಾತ್ರಿ ಪ್ರಕಾಶ ಊಟ ಮುಗಿಸಿ, ಒಂದು ದೊಡ್ಡ ಲೋಟ ನೀರು ಕುಡಿದು, ಎದ್ದು ಹೋದರು.

ಧ್ರುವ, ಆಮೇಲೆ ಸ್ವಲ್ಪ ದಿನಕ್ಕೆ ನೀನು ಹುಟ್ಟಿದೆ. ಗಣಿಯನ್ನು ಮತ್ತೆ ಮುಚ್ಚಿ, ಪರೀಕ್ಷೆ ಮಾಡಿ, ತೆರೆದರು. ನಿಮ್ಮಪ್ಪ ಕೆಲಸಕ್ಕೆ ಹೊರಟ ಬೆಳಿಗ್ಗೆ ನಾನು ಚೆಂಬು ಹಿಡಿದು ನಲ್ಲಿಯ ಎದುರು ಎಷ್ಟು ಹೊತ್ತು ನಿಂತೆನೋ. ಆ ದಿನ ಚೆಂಬು ಬೋರಲಾದದ್ದು ಅವರಿಗಾಗಿ ಆಗಿದ್ದರೆ, ಅವರು ಗುಂಡಿಗೆ ಇಳಿಯುವ ಪ್ರತಿದಿನವೂ ನಾನು ನೀರು ತುಂಬಬೇಕು. ಅಜ್ಜಿ ಅಷ್ಟು ವರ್ಷ ಕಾದವರಿಗಾಗಿ ಆಗಿದ್ದರೆ, ಅವರು ಮೇಲೆ ಬಂದಾಯಿತು, ಕುಡಿದಾಯಿತು. ಇನ್ನು ತುಂಬುವುದು ತಪ್ಪು. ಕೊನೆಗೆ ಬೇರೆ ಒಂದು ಸ್ಟೀಲ್ ಚೆಂಬಿನಲ್ಲಿ ನೀರಿಟ್ಟೆ. ಅವರು ಆ ಕೆಲಸ ಬಿಟ್ಟು ಆಫೀಸಿನ ಕೆಲಸ ಹಿಡಿಯುವ ತನಕ ಹಾಗೇ ನಡೆಸಿದೆ.

ವಿಮಾನಗಳು ಹಾರತೊಡಗಿದ ಮೇಲೆ ನಾನು ಊರಿಗೆ ಹೊರಟೆ. ಚೆಂಬನ್ನು ಸುಧಾಳಿಗೇ ಬಿಟ್ಟೆ. ಇಷ್ಟು ದೂರ ಬಂದದ್ದನ್ನು ಮತ್ತೆ ಹಿಂದಕ್ಕೆ ಒಯ್ಯಲು ಯಾಕೋ ಮನಸ್ಸಾಗಲಿಲ್ಲ. ಹೊರಡುವ ದಿನ ಅವಳು ಅದನ್ನು ತೊಳೆದು ಕೈಯಲ್ಲಿ ಹಿಡಿದುಕೊಂಡು, "ಅಮ್ಮ, ಇದನ್ನ ಇನ್ಮೇಲೆ ಹೇಗಿಡ್ಲಿ? ನೆಟ್ಟಗಾ, ಬೋರ್ಲಾ?" ಎಂದು ಕೇಳಿದಳು. ನಗುತ್ತ ಕೇಳಲಿಲ್ಲ.

ಟ್ಯಾಕ್ಸಿ ಬಂದು ನಿಂತಿತ್ತು. ಅವಳ ಕೈಯಿಂದ ಚೆಂಬನ್ನು ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿದೆ, ಒಳಗಿನ ಕಲಾಯಿಯನ್ನು ಒಮ್ಮೆ ನೋಡಿದೆ, ಮತ್ತೆ ಅವಳ ಕೈಗೇ ಕೊಟ್ಟು ಕಾರು ಹತ್ತಿದೆ. ಅವಳು ಅದನ್ನು ಹೇಗಿಟ್ಟಳೋ ನಾನು ಇವತ್ತಿಗೂ ಕೇಳಿಲ್ಲ. ನೀವು ಎದ್ದು ಹೋಗಿ ನೋಡಿದರೂ ಫೋನಿನಲ್ಲಿ ನನಗೆ ಹೇಳಬೇಡಿ.